ಪೈಥಾನ್‌ನಲ್ಲಿ ಸರಾಸರಿ, ಮಧ್ಯಾಂಕ, ಮಾನಕ ವಿಚಲನೆ: ಉತ್ತರ ತಪ್ಪದ ಹಾಗೆ ಲೆಕ್ಕ ಹಾಕುವ ಕ್ರಮ

ಕಾಸರಗೋಡು ಜಿಲ್ಲೆಯ ಕುಂಬಳೆ, ಬದಿಯಡ್ಕ, ಪೆರ್ಲ, ಮುಳ್ಳೇರಿಯ ಕಡೆಯ ಮಕ್ಕಳು ಮನೆಯ ಮಳೆ ಲೆಕ್ಕದ ಪುಸ್ತಕವನ್ನೋ ಅಡಿಕೆ ಮಾರಿದ ಚೀಟಿಗಳನ್ನೋ ಇಟ್ಟುಕೊಂಡು ಪೈಥಾನ್‌ನಲ್ಲಿ ಸರಾಸರಿ ತೆಗೆಯಲು ಕೂತರೆ ಒಂದೇ ಜಾಗದಲ್ಲಿ ಮತ್ತೆ ಮತ್ತೆ ಎಡವುತ್ತಾರೆ. ಸೂತ್ರ ಗೊತ್ತಿರುತ್ತದೆ. ಪ್ರೋಗ್ರಾಮ್ ಓಡುತ್ತದೆ ಕೂಡ. ಉತ್ತರ ಮಾತ್ರ ತಪ್ಪು. ತಪ್ಪು ನುಗ್ಗುವುದು ಸೂತ್ರಕ್ಕಿಂತ ಮೊದಲೇ, ಅಂಕಿಗಳನ್ನು ಒಳಗೆ ಹಾಕುವ ಹೊತ್ತಿಗೆ. ಹಾಗಾಗಿ ಕೆಳಗಿನ ಹಂತಗಳನ್ನು ಇದೇ ಕ್ರಮದಲ್ಲಿ ಮಾಡಿ. ಯಾವುದನ್ನೂ ಹಾರಿಸಬೇಡಿ.

ಒಂದು ವಿಷಯ ಮೊದಲೇ ಹೇಳಿಬಿಡುತ್ತೇನೆ. ಪ್ರಿಂಟ್, ಸಮ್, ಲೆನ್, ಇಂಪೋರ್ಟ್ ಮುಂತಾದ ಆಜ್ಞೆಗಳನ್ನು ಇಲ್ಲಿ ಕನ್ನಡ ಅಕ್ಷರದಲ್ಲಿ ಬರೆದಿದ್ದೇನೆ. ಟೈಪ್ ಮಾಡುವಾಗ ಅವನ್ನು ಇಂಗ್ಲಿಷಿನ ಸಣ್ಣ ಅಕ್ಷರದಲ್ಲೇ ಹೊಡೆಯಬೇಕು. ಆದರೆ ಮಳೆ, ದರ, ತೂಕ ಎಂಬ ಹೆಸರುಗಳು ನಾವು ಇಟ್ಟವು. ಪೈಥಾನ್ 3ರಲ್ಲಿ ಅವನ್ನು ಕನ್ನಡದಲ್ಲೇ ಬರೆದರೂ ನಡೆಯುತ್ತದೆ.

## ಹಂತ 1: ಬೇಕಾದ ಸಾಮಾನು

ಪೈಥಾನ್ 3.8 ಅಥವಾ ಅದಕ್ಕಿಂತ ಹೊಸದು ಬೇಕು. ಟರ್ಮಿನಲ್‌ನಲ್ಲಿ "ಪೈಥಾನ್3 --ವರ್ಷನ್" ಎಂದು ಹೊಡೆದರೆ ಯಾವುದಿದೆ ಎಂದು ಗೊತ್ತಾಗುತ್ತದೆ. ಕೇರಳದ ಸರಕಾರಿ ಶಾಲೆಗಳ ಲ್ಯಾಬಿನಲ್ಲಿ ಓಡುವುದು ಲಿನಕ್ಸ್, ಅದರಲ್ಲಿ ಪೈಥಾನ್ ಇದ್ದೇ ಇರುತ್ತದೆ. ಬೇರೆ ಪ್ಯಾಕೇಜ್ ಏನೂ ಬೇಡ. ಪೈಥಾನ್ ಜೊತೆಗೇ ಬರುವ ಸ್ಟ್ಯಾಟಿಸ್ಟಿಕ್ಸ್ ಮಾಡ್ಯೂಲ್ ಸಾಕು.

ಫೈಲಿಗೆ ಹೆಸರಿಡುವಾಗ ಜಾಗ್ರತೆ. ಜಾಸ್ತಿ ಜನ ಸಿಕ್ಕಿಬೀಳುವುದು ಇಲ್ಲೇ. ಫೈಲಿಗೆ "ಸ್ಟ್ಯಾಟಿಸ್ಟಿಕ್ಸ್" ಎಂದೇ ಹೆಸರಿಟ್ಟರೆ ಪೈಥಾನ್ ತನ್ನ ಮಾಡ್ಯೂಲ್ ಬಿಟ್ಟು ನಿಮ್ಮ ಫೈಲನ್ನೇ ಎತ್ತಿಕೊಳ್ಳುತ್ತದೆ, ಆಮೇಲೆ "ಮೀನ್ ಎಂಬುದು ಇದರಲ್ಲಿಲ್ಲ" ಎನ್ನುತ್ತದೆ. "ನಂಬರ್ಸ್" ಮತ್ತು "ರ‍್ಯಾಂಡಮ್" ಎಂಬ ಹೆಸರೂ ಬೇಡ, ಯಾಕೆಂದರೆ ಸ್ಟ್ಯಾಟಿಸ್ಟಿಕ್ಸ್ ಮಾಡ್ಯೂಲ್ ಒಳಗಿಂದ ಅವನ್ನೂ ಕರೆಯುತ್ತದೆ. ನಿಮ್ಮ ಫೈಲ್ ಅಲ್ಲ, ಅದೇ ಫೋಲ್ಡರಿನಲ್ಲಿರುವ ಬೇರೆ ಹಳೆ ಫೈಲಿಗೆ ಆ ಹೆಸರಿದ್ದರೂ ಇದೇ ಗತಿ. "ಮಳೆಲೆಕ್ಕ" ಎಂದು ಇಂಗ್ಲಿಷ್ ಅಕ್ಷರದಲ್ಲಿ ಬರೆದು ಸೇವ್ ಮಾಡಿ, ತಲೆಬಿಸಿ ಇಲ್ಲ.

## ಹಂತ 2: ಕಂಪ್ಯೂಟರ್ ಮುಟ್ಟುವ ಮೊದಲು ಪುಸ್ತಕ ನೋಡಿ

ಹತ್ತು ದಿನದ ಮಳೆ ಎಂದು ಇಟ್ಟುಕೊಳ್ಳೋಣ, ಮಿಲಿಮೀಟರಿನಲ್ಲಿ. ಅಭ್ಯಾಸಕ್ಕೆ ನಾನೇ ಹಾಕಿದ ಅಂಕಿಗಳು ಇವು:

12, 0, 35, 148, 8, 22, 0, 18, 64, 23

ಮೊದಲು ನೋಡಬೇಕಾದ್ದು ಸೊನ್ನೆಗಳನ್ನು. ಆ ದಿನ ಮಳೆ ಬರಲಿಲ್ಲವೋ, ಇಲ್ಲಾ ಯಾರೂ ಅಳೆಯಲಿಲ್ಲವೋ? ಎರಡೂ ಬೇರೆ. ಮಳೆ ಬಾರದ ದಿನಕ್ಕೆ 0. ಮನೆಯವರೆಲ್ಲ ಪೂಜೆಗೋ ಮದುವೆಗೋ ಹೋಗಿ ಮಾಪಕ ನೋಡದ ದಿನಕ್ಕೆ 0 ಹಾಕಿದರೆ ಅದು ಸುಳ್ಳು ಲೆಕ್ಕ. ಮೇಲಿನ ಪಟ್ಟಿಯ ಸರಾಸರಿ 33. ಅದರಲ್ಲಿ 64 ಬಿದ್ದ ದಿನ ಅಳೆಯದೆ ಉಳಿದು, ಆ ಜಾಗದಲ್ಲಿ 0 ಬರೆದರೆ ಸರಾಸರಿ 26.6ಕ್ಕೆ ಇಳಿಯುತ್ತದೆ. ಆ ದಿನವನ್ನು ಬಿಟ್ಟು ಉಳಿದ 9 ದಿನಕ್ಕೆ ತೆಗೆದರೆ 29.56. ಬಿಟ್ಟರೂ ಸರಿಯಾದ ಉತ್ತರ ಬರಲಿಲ್ಲ, ನಿಜ. ಆದರೆ ಇಲ್ಲದ ಒಣ ದಿನವೊಂದನ್ನು ಸೃಷ್ಟಿ ಮಾಡಲಿಲ್ಲ ಅಲ್ವಾ.

ಅಳೆಯದ ದಿನಕ್ಕೆ ಪೈಥಾನ್‌ನಲ್ಲಿ "ನನ್" ಎಂದು ಬರೆಯಿರಿ. ಎನ್, ಓ, ಎನ್, ಇ. ಮೊದಲ ಎನ್ ಮಾತ್ರ ದೊಡ್ಡ ಅಕ್ಷರ. ಪಟ್ಟಿಯನ್ನು ಒಳಗೆ ಹಾಕಿದ ಮೇಲೆ (ಹಂತ 3), ಲೆಕ್ಕಕ್ಕೆ ಮೊದಲು ಅದನ್ನು ಹೀಗೆ ತೆಗೆಯಬೇಕು. ಆಮೇಲಿನ ಹಂತಗಳಲ್ಲಿ ಮಳೆ ಎಂಬ ಜಾಗದಲ್ಲಿ ಶುದ್ಧ ಎಂದು ಬರೆಯಿರಿ:

ಶುದ್ಧ = [ಅ ಫಾರ್ ಅ ಇನ್ ಮಳೆ ಇಫ್ ಅ ಈಸ್ ನಾಟ್ ನನ್]

ಕೊನೆಯ ಭಾಗವನ್ನು ಚಿಕ್ಕದು ಮಾಡಲು ಹೋಗಿ ಸುಮ್ನೆ "ಇಫ್ ಅ" ಎಂದು ಬರೆಯುವವರಿದ್ದಾರೆ. ಹಾಗೆ ಬರೆದರೆ ಸೊನ್ನೆಗಳೂ ಹೋಗುತ್ತವೆ. ಪೈಥಾನ್‌ಗೆ 0 ಎಂದರೆ "ಇಲ್ಲ" ಎಂದೇ ಅರ್ಥ. ನಮ್ಮ ಹತ್ತು ದಿನ ಎಂಟು ದಿನವಾಗುತ್ತದೆ, ಸರಾಸರಿ 33 ಇದ್ದದ್ದು 41.25 ಆಗುತ್ತದೆ, ಎರರ್ ಮಾತ್ರ ಬರುವುದಿಲ್ಲ.

ಎರಡನೆಯದು ಅಳತೆ. ಹಳೆ ಪುಸ್ತಕಗಳಲ್ಲಿ ಕೆಲವು ಪುಟ ಇಂಚು, ಕೆಲವು ಪುಟ ಮಿಲಿಮೀಟರ್ ಇರುತ್ತದೆ. ಒಂದು ಇಂಚು ಎಂದರೆ 25.4 ಮಿಲಿಮೀಟರ್. ಎಲ್ಲವನ್ನೂ ಒಂದೇ ಅಳತೆಗೆ ತಂದ ಮೇಲೆಯೇ ಮುಂದೆ ಹೋಗಿ. ಹಾಗೆಯೇ ಹವಾಮಾನ ಇಲಾಖೆಯ ಕ್ರಮದಲ್ಲಿ ಮಳೆ ಅಳೆಯುವುದು ಬೆಳಿಗ್ಗೆ 8.30ಕ್ಕೆ, ಹಿಂದಿನ 24 ಗಂಟೆಯ ಲೆಕ್ಕ. ನಿಮ್ಮ ಮನೆಯಲ್ಲಿ ಸಂಜೆ ಅಳೆಯುವುದಾದರೆ ಇಲಾಖೆಯ ಅಂಕಿ ಜೊತೆ ದಿನಕ್ಕೆ ದಿನ ಹೋಲಿಸಬೇಡಿ.

ಮೂರನೆಯದು ಅಲ್ಪವಿರಾಮ. ಇದು ದುಡ್ಡಿನ ಲೆಕ್ಕದಲ್ಲಿ ಬರುತ್ತದೆ. ಅಡಿಕೆ ಮಾರಿ ಬಂದ ಮೊತ್ತ 18,500, 22,750, 9,800 ಎಂದು ಚೀಟಿಯಲ್ಲಿದೆ. ಅದನ್ನು ಹಾಗೇ ಟೈಪ್ ಮಾಡಿದರೆ:

ಮೊತ್ತ = [18,500, 22,750, 9,800]

ನಿಮ್ಮ ಕಣ್ಣಿಗೆ ಮೂರು ಸಂಖ್ಯೆ, ಪೈಥಾನ್‌ಗೆ ಆರು. 18 ಬೇರೆ, 500 ಬೇರೆ. ನಿಜವಾದ ಸರಾಸರಿ 17,016.67 ರೂಪಾಯಿ. ಪ್ರೋಗ್ರಾಮ್ ಕೊಡುವುದು 349.83. ಈ ಅಂಕಿ ನೋಡಿದರೆ ಕಿಲೋ ಅಡಿಕೆಯ ದರದ ಹಾಗೆಯೇ ಕಾಣುತ್ತದೆ, ಆದ್ದರಿಂದ ಯಾರಿಗೂ ಸಂಶಯ ಬರುವುದಿಲ್ಲ. 18500 ಎಂದು ಬರೆಯಿರಿ. ಓದಲು ಕಷ್ಟವಾದರೆ ಅಲ್ಪವಿರಾಮದ ಜಾಗದಲ್ಲಿ ಅಂಡರ್‌ಸ್ಕೋರ್ ಹಾಕಿ, 18_500. ಪೈಥಾನ್ 3.6ರ ನಂತರ ಅದು ನಡೆಯುತ್ತದೆ.

## ಹಂತ 3: ಪಟ್ಟಿ ಒಳಗೆ ಹಾಕುವುದು

ಅಂಕಿ ಕಡಿಮೆ ಇದ್ದರೆ ನೇರ ಬರೆದುಬಿಡಿ:

ಮಳೆ = [12, 0, 35, 148, 8, 22, 0, 18, 64, 23]

ಚೌಕ ಆವರಣ ಬೇಕು. ಒಂದು ಅಂಕಿಯ ಮುಂದೆ ಸೊನ್ನೆ ಹಾಕಬೇಡಿ. 08 ಎಂದು ಬರೆದರೆ ಪೈಥಾನ್ 3 ಒಪ್ಪುವುದಿಲ್ಲ.

ಓಡುವಾಗ ಕೇಳಿ ತೆಗೆದುಕೊಳ್ಳುವುದಾದರೆ:

ಸಾಲು = ಇನ್‌ಪುಟ್("ಮಳೆ ಬರೆಯಿರಿ: ")
ಮಳೆ = [ಫ್ಲೋಟ್(ಅ) ಫಾರ್ ಅ ಇನ್ ಸಾಲು.ಸ್ಪ್ಲಿಟ್()]

ಇನ್‌ಪುಟ್ ಕೊಡುವುದು ಯಾವಾಗಲೂ ಬರಹ, ಸಂಖ್ಯೆ ಅಲ್ಲ. ಫ್ಲೋಟ್ ಎಂಬುದು ಅದನ್ನು ಸಂಖ್ಯೆ ಮಾಡುತ್ತದೆ. ಇದನ್ನು ಮರೆತು ಸಮ್ ಕರೆದರೆ ಟೈಪ್‌ಎರರ್ ಬರುತ್ತದೆ, ಅದು ಒಳ್ಳೆಯದೇ, ತಪ್ಪು ಗೊತ್ತಾಗುತ್ತದೆ. ಅಪಾಯ ಇರುವುದು ಮ್ಯಾಕ್ಸ್ ಮತ್ತು ಸಾರ್ಟೆಡ್‌ನಲ್ಲಿ. ಅವು ಎರರ್ ಕೊಡುವುದಿಲ್ಲ. '12', '64', '148', '8' ಎಂಬ ಬರಹಗಳಲ್ಲಿ ದೊಡ್ಡದು ಯಾವುದು ಎಂದು ಕೇಳಿದರೆ '8' ಎನ್ನುತ್ತದೆ, ಯಾಕೆಂದರೆ ಬರಹವನ್ನು ನಿಘಂಟಿನ ಹಾಗೆ ಮೊದಲ ಅಕ್ಷರದಿಂದ ಹೋಲಿಸುತ್ತದೆ.

ಸ್ಪ್ಲಿಟ್() ಖಾಲಿ ಬಿಟ್ಟರೆ ಅಂಕಿಗಳ ನಡುವೆ ಬರೀ ಸ್ಪೇಸ್ ಇರಬೇಕು. ಅಲ್ಪವಿರಾಮ ಹಾಕಿ ಬರೆಯುವ ಅಭ್ಯಾಸ ಇದ್ದರೆ ಸ್ಪ್ಲಿಟ್(",") ಎಂದು ಮಾಡಿ. ಕೆಲವು ಕಡೆ ಬರೀ ಸ್ಪೇಸ್, ಕೆಲವು ಕಡೆ ಅಲ್ಪವಿರಾಮ ಎಂದು ಬೆರೆಸಿದರೆ ವ್ಯಾಲ್ಯೂಎರರ್.

ನಮ್ಮ ಕಡೆಯ ಎಷ್ಟೋ ಮನೆಗಳ ಲೆಕ್ಕ ಕನ್ನಡ ಅಂಕಿಯಲ್ಲೇ ಇರುತ್ತದೆ. ಅದಕ್ಕೆ ಹೆದರಬೇಕಾಗಿಲ್ಲ. ಇನ್‌ಪುಟ್‌ನಲ್ಲಿ ೧೪೮ ಎಂದು ಕೊಟ್ಟರೆ ಫ್ಲೋಟ್ ಅದನ್ನು 148 ಎಂದೇ ಓದುತ್ತದೆ. ಮಲಯಾಳಂ ಅಂಕಿಯೂ ಸರಿ. ಆದರೆ ಪ್ರೋಗ್ರಾಮಿನ ಒಳಗೆ ನೇರವಾಗಿ ೧೪೮ ಎಂದು ಬರೆದರೆ ನಡೆಯುವುದಿಲ್ಲ, ಅಲ್ಲಿ 148 ಎಂದೇ ಬೇಕು.

## ಹಂತ 4: ಎಣಿಸಿ, ಸಾಲಾಗಿ ಜೋಡಿಸಿ, ನೋಡಿ

ಸರಾಸರಿಗೆ ಕೈ ಹಾಕುವ ಮೊದಲು ಈ ನಾಲ್ಕು ಸಾಲು:

ಪ್ರಿಂಟ್(ಲೆನ್(ಮಳೆ))
ಪ್ರಿಂಟ್(ಮಿನ್(ಮಳೆ))
ಪ್ರಿಂಟ್(ಮ್ಯಾಕ್ಸ್(ಮಳೆ))
ಪ್ರಿಂಟ್(ಸಾರ್ಟೆಡ್(ಮಳೆ))

ಲೆನ್ ಎಂದರೆ ಎಲ್, ಇ, ಎನ್. ಎಷ್ಟು ಅಂಕಿ ಇದೆ ಎಂದು ಹೇಳುತ್ತದೆ. ಪುಸ್ತಕದಲ್ಲಿ ಹತ್ತು ದಿನ ಇದ್ದು ಇಲ್ಲಿ 9 ಅಥವಾ 11 ಬಂದರೆ ಅಲ್ಲೇ ನಿಲ್ಲಿ. ಹುಡುಕಿ ಸರಿಮಾಡಿದ ಮೇಲೆಯೇ ಮುಂದೆ. ಮಿನ್ ಸೊನ್ನೆಗಿಂತ ಕೆಳಗೆ ಬಂದರೆ ಎಲ್ಲೋ ಮೈನಸ್ ಸೇರಿದೆ. ಮ್ಯಾಕ್ಸ್ 1480 ಬಂದರೆ? ಹವಾಮಾನ ಇಲಾಖೆ 24 ಗಂಟೆಯಲ್ಲಿ 204.5 ಮಿಲಿಮೀಟರ್ ಮತ್ತು ಮೇಲಿನದ್ದನ್ನೇ ಅತ್ಯಂತ ಭಾರೀ ಮಳೆ ಎನ್ನುತ್ತದೆ. ಒಂದೇ ದಿನಕ್ಕೆ 1480 ಎಂದರೆ 148ರ ಕೊನೆಗೆ ಒಂದು ಸೊನ್ನೆ ಜಾಸ್ತಿ ಬಿದ್ದಿದೆ ಎಂದೇ ಲೆಕ್ಕ.

ಜೋಡಿಸುವಾಗ ಸಾರ್ಟೆಡ್(ಮಳೆ) ಬಳಸಿ, ಮಳೆ.ಸಾರ್ಟ್() ಬೇಡ. ಮೊದಲನೆಯದು ಹೊಸ ಪಟ್ಟಿ ಕೊಡುತ್ತದೆ, ಮೂಲ ಹಾಗೇ ಇರುತ್ತದೆ. ಎರಡನೆಯದು ಮೂಲವನ್ನೇ ಅಲುಗಾಡಿಸಿ ದಿನಗಳ ಕ್ರಮ ಅಳಿಸಿಬಿಡುತ್ತದೆ. ತೋಟಕ್ಕೆ ಮದ್ದು ಬಿಡುವವರಿಗೆ ಆ ಕ್ರಮವೇ ಮುಖ್ಯ. ಬೋರ್ಡೋ ಸಿಂಪಡಿಸಲು ಒಣ ದಿನ ಒಟ್ಟಿಗೆ ಎಷ್ಟು ಸಿಕ್ಕಿತು ಎಂಬುದು ಜೋಡಿಸಿದ ಪಟ್ಟಿಯಲ್ಲಿ ಎಲ್ಲಿ ಕಾಣಬೇಕು? "ಮಳೆ = ಮಳೆ.ಸಾರ್ಟ್()" ಎಂದು ಬರೆದರಂತೂ ಪಟ್ಟಿಯೇ ಹೋಗಿ ಕೈಯಲ್ಲಿ ನನ್ ಮಾತ್ರ ಉಳಿಯುತ್ತದೆ.

## ಹಂತ 5: ಸರಾಸರಿ

ಇಂಪೋರ್ಟ್ ಸ್ಟ್ಯಾಟಿಸ್ಟಿಕ್ಸ್ ಆ್ಯಸ್ ಎಸ್‌ಟಿ
ಪ್ರಿಂಟ್(ಸಮ್(ಮಳೆ) / ಲೆನ್(ಮಳೆ))
ಪ್ರಿಂಟ್(ಎಸ್‌ಟಿ.ಮೀನ್(ಮಳೆ))

ಎರಡು ದಾರಿಯಲ್ಲೂ 33 ಬರಬೇಕು (ಮೊದಲನೆಯದು 33.0 ಎಂದು ಕಾಣುತ್ತದೆ, ಎರಡೂ ಒಂದೇ). ಒಟ್ಟು 330, ದಿನ 10. ಎರಡು ಉತ್ತರ ಬೇರೆ ಬೇರೆ ಬಂದರೆ ಒಂದು ಕಡೆ ಟೈಪಿಂಗ್ ತಪ್ಪಿದೆ. ಹೆಚ್ಚಾಗಿ ಒಂದು ಗೀಟಿನ ಬದಲು ಎರಡು ಗೀಟು (//) ಹಾಕಿರುತ್ತಾರೆ. ಅದು ದಶಮಾಂಶವನ್ನು ಕತ್ತರಿಸಿ ಹಾಕುತ್ತದೆ.

ಒಟ್ಟನ್ನು ಇಟ್ಟುಕೊಳ್ಳುವ ಹೆಸರಿಗೆ "ಸಮ್" ಎಂದೇ ಇಡಬೇಡಿ. ಒಮ್ಮೆ ಇಟ್ಟರೆ ಆ ಆಜ್ಞೆ ಮುಚ್ಚಿಹೋಗುತ್ತದೆ, ಮುಂದಿನ ಸಲ ಕರೆದಾಗ ಟೈಪ್‌ಎರರ್. "ಒಟ್ಟು" ಎಂದು ಕನ್ನಡದಲ್ಲೇ ಇಡಿ, ಈ ತೊಂದರೆ ಬರುವುದೇ ಇಲ್ಲ.

ಖಾಲಿ ಪಟ್ಟಿಗೆ ಸರಾಸರಿ ಇಲ್ಲ. ನಾವೇ ಭಾಗಿಸಿದರೆ ಝೀರೋಡಿವಿಷನ್‌ಎರರ್, ಮೀನ್ ಕರೆದರೆ ಸ್ಟ್ಯಾಟಿಸ್ಟಿಕ್ಸ್‌ಎರರ್. ಇದು ಕಂಡರೆ ಹಿಂದೆ ಹೋಗಿ ಹಂತ 3 ನೋಡಿ.

ದರದ ಸರಾಸರಿ ಬೇರೆಯೇ ಲೆಕ್ಕ. ಹೊಸ ಅಡಿಕೆ 100 ಕಿಲೋ, ಕಿಲೋಗೆ 400. ಕರಿಗೋಟು (ಕಡಿಮೆ ದರ್ಜೆಯ ಅಡಿಕೆ) 20 ಕಿಲೋ, ಕಿಲೋಗೆ 220. (ದರ ಸುಮ್ನೆ ಉದಾಹರಣೆಗೆ.) ಸರಾಸರಿ ಎಷ್ಟು ಸಿಕ್ಕಿತು? 400 ಮತ್ತು 220 ಕೂಡಿಸಿ ಎರಡರಿಂದ ಭಾಗಿಸಿದರೆ 310. ಆದರೆ ಕೈಗೆ ಬಂದ ದುಡ್ಡು 44,400, ಕೊಟ್ಟ ಅಡಿಕೆ 120 ಕಿಲೋ. ಅಂದರೆ 370. ಕಿಲೋಗೆ 60 ರೂಪಾಯಿ ವ್ಯತ್ಯಾಸ! ತೂಕ ಬೇರೆ ಬೇರೆ ಇದ್ದಾಗ ಹೀಗೆ ಮಾಡಬೇಕು:

ದರ = [400, 220]
ತೂಕ = [100, 20]
ಒಟ್ಟು = ಸಮ್(ದ * ತ ಫಾರ್ ದ, ತ ಇನ್ ಝಿಪ್(ದರ, ತೂಕ))
ಪ್ರಿಂಟ್(ಒಟ್ಟು / ಸಮ್(ತೂಕ))

ಝಿಪ್‌ಗೆ ಒಂದು ಕೆಟ್ಟ ಗುಣ ಇದೆ. ಒಂದು ಪಟ್ಟಿ ಚಿಕ್ಕದಾದರೆ ಇನ್ನೊಂದರ ಬಾಲವನ್ನು ಸದ್ದಿಲ್ಲದೆ ಬಿಟ್ಟುಬಿಡುತ್ತದೆ. ಎರಡೂ ಪಟ್ಟಿಯ ಲೆನ್ ಒಂದೇ ಇದೆಯಾ ಎಂದು ಮೊದಲೇ ನೋಡಿ.

## ಹಂತ 6: ಮಧ್ಯಾಂಕ

ಪ್ರಿಂಟ್(ಎಸ್‌ಟಿ.ಮೀಡಿಯನ್(ಮಳೆ))

ಮಧ್ಯಾಂಕ ಎಂದರೆ ಸಾಲಾಗಿ ಜೋಡಿಸಿದಾಗ ನಡುವೆ ಬರುವ ಅಂಕಿ. ಜೋಡಿಸಿದ ಪಟ್ಟಿ 0, 0, 8, 12, 18, 22, 23, 35, 64, 148. ಅಂಕಿಗಳು ಸರಿಸಂಖ್ಯೆಯಲ್ಲಿವೆ, ಹಾಗಾಗಿ ನಡುವಿನ ಎರಡು, 18 ಮತ್ತು 22, ಇವುಗಳ ಸರಾಸರಿ. ಉತ್ತರ 20. ಮೀಡಿಯನ್ ತಾನೇ ಜೋಡಿಸಿಕೊಳ್ಳುತ್ತದೆ. ನೀವೇ ಕೈಯಲ್ಲಿ ಬರೆಯುವುದಾದರೆ ಜೋಡಿಸುವುದನ್ನು ಮರೆಯಬೇಡಿ. ಪೈಥಾನ್ ಎಣಿಸುವುದು 0ಯಿಂದ ಎಂಬುದನ್ನೂ ನೆನಪಿಡಿ. ಹತ್ತು ಅಂಕಿಯಲ್ಲಿ ನಡುವಿನವು 4 ಮತ್ತು 5ನೇ ಜಾಗದವು.

ಸರಾಸರಿ 33, ಮಧ್ಯಾಂಕ 20. ಇಷ್ಟು ಅಂತರ ಯಾಕೆ? ಆ ಒಂದು 148 ಸರಾಸರಿಯನ್ನು ಎಳೆದಿದೆ. ಹತ್ತರಲ್ಲಿ ಏಳು ದಿನ 33ಕ್ಕಿಂತ ಕಡಿಮೆ ಮಳೆ. "ದಿನಕ್ಕೆ 33 ಮಿಲಿಮೀಟರ್ ಬಂತು" ಎಂದರೆ ಕೇಳಿದವರ ಮನಸ್ಸಿಗೆ ಬರುವ ಚಿತ್ರವೇ ಬೇರೆ. ನಮ್ಮ ಮಳೆಗಾಲದ ಲೆಕ್ಕಕ್ಕೆ ಎರಡನ್ನೂ ಒಟ್ಟಿಗೆ ಹೇಳಬೇಕು ಎಂಬುದು ನನ್ನ ಖಂಡಿತ ಅಭಿಪ್ರಾಯ.

148ರ ಬದಲು 1480 ಹಾಕಿ ಓಡಿಸಿ ನೋಡಿ. ಸರಾಸರಿ 166.2ಕ್ಕೆ ಹಾರುತ್ತದೆ. ಮಧ್ಯಾಂಕ 20ರಲ್ಲೇ ಇರುತ್ತದೆ. ಸರಾಸರಿ ಮಧ್ಯಾಂಕದ ಎಂಟು ಪಟ್ಟು ಆದರೆ ಮಳೆಯನ್ನು ದೂರಬೇಡಿ, ಟೈಪಿಂಗ್ ನೋಡಿ.

## ಹಂತ 7: ಬಹುಲಕ

ಪ್ರಿಂಟ್(ಎಸ್‌ಟಿ.ಮೋಡ್(ಮಳೆ)) ಎಂದರೆ 0 ಬರುತ್ತದೆ, ಅದೊಂದೇ ಎರಡು ಸಲ ಇರುವುದು. ಬಹುಲಕ ಎಂದರೆ ಅತಿ ಹೆಚ್ಚು ಸಲ ಬಂದ ಅಂಕಿ. ಮಳೆ, ತೂಕ ಇಂಥ ಅಳತೆಗೆ ಬಹುಲಕದಿಂದ ಹೆಚ್ಚು ಉಪಯೋಗ ಇಲ್ಲ. ಚಪ್ಪಲಿ ಅಳತೆ, ಪರೀಕ್ಷೆಯ ಗ್ರೇಡ್, ಇಂಥದ್ದಕ್ಕೆ ಸರಿ. ಎರಡು ಅಂಕಿ ಸಮಸಮ ಸಲ ಬಂದರೆ ಮೋಡ್ ಪಟ್ಟಿಯಲ್ಲಿ ಮೊದಲು ಸಿಕ್ಕಿದ್ದನ್ನು ಮಾತ್ರ ಕೊಡುತ್ತದೆ. 3.8ಕ್ಕಿಂತ ಹಳೆಯದರಲ್ಲಿ ಎರರ್ ಕೊಡುತ್ತಿತ್ತು. ಎಲ್ಲವೂ ಬೇಕಾದರೆ ಮಲ್ಟಿಮೋಡ್ ಬಳಸಿ.

ಮಳೆ ಬಂದ ದಿನಗಳ ಲೆಕ್ಕ ಮಾತ್ರ ಬೇಕು ಎನ್ನುವವರು ಇಲಾಖೆಯ ಅಳತೆಗೋಲನ್ನೇ ಹಿಡಿಯಿರಿ. 2.5 ಮಿಲಿಮೀಟರ್ ಅಥವಾ ಹೆಚ್ಚು ಬಿದ್ದರೆ ಅದು ಮಳೆ ದಿನ. "ಇಫ್ ಅ >= 2.5" ಎಂದು ಸೋಸಿದರೆ ನಮ್ಮಲ್ಲಿ ಎಂಟು ದಿನ, ಸರಾಸರಿ 41.25, ಮಧ್ಯಾಂಕ 22.5. ಹಂತ 2ರಲ್ಲಿ ತಪ್ಪಾಗಿ ಬಂದದ್ದೂ ಇದೇ 41.25. ಬೇಕೆಂದೇ ಸೋಸಿ "ಮಳೆ ದಿನಗಳ ಸರಾಸರಿ" ಎಂದು ಬರೆದರೆ ಅದು ಸರಿ. ಗೊತ್ತಿಲ್ಲದೆ ಸೋಸಿಹೋಗಿ "ಹತ್ತು ದಿನದ ಸರಾಸರಿ" ಎಂದರೆ ತಪ್ಪು.

## ಹಂತ 8: ಮಾನಕ ವಿಚಲನೆ

ಅಂಕಿಗಳು ಸರಾಸರಿಯಿಂದ ಎಷ್ಟು ಚದುರಿವೆ ಎಂಬುದರ ಅಳತೆ ಇದು. ಅತಿ ಹೆಚ್ಚು ಪ್ರಶ್ನೆ ಬರುವ ಜಾಗ. "ಕ್ಯಾಲ್ಕುಲೇಟರಿನಲ್ಲಿ ಒಂದು, ಪೈಥಾನ್‌ನಲ್ಲಿ ಇನ್ನೊಂದು, ಯಾವುದು ಸರಿ?" ಎರಡೂ ಸರಿ ಇರಬಹುದು. ಆಜ್ಞೆ ಎರಡಿವೆ:

ಪ್ರಿಂಟ್(ಎಸ್‌ಟಿ.ಪಿಎಸ್‌ಟಿಡೆವ್(ಮಳೆ))
ಪ್ರಿಂಟ್(ಎಸ್‌ಟಿ.ಎಸ್‌ಟಿಡೆವ್(ಮಳೆ))

ಮೊದಲನೆಯದು ಸುಮಾರು 42.28 ಕೊಡುತ್ತದೆ, ಎರಡನೆಯದು 44.57. ಒಳಗೆ ಏನಾಗುತ್ತದೆ ಎಂದು ಒಮ್ಮೆ ಕೈಯಲ್ಲಿ ಮಾಡಿ ನೋಡಿ, ಆಮೇಲೆ ಮರೆಯುವುದಿಲ್ಲ. ಪ್ರತಿ ಅಂಕಿಯಿಂದ 33 ಕಳೆಯಿರಿ, ಬಂದದ್ದನ್ನು ವರ್ಗ ಮಾಡಿ. 23ಕ್ಕೆ 100, 64ಕ್ಕೆ 961, 148ಕ್ಕೆ 13225, ಹೀಗೆ ಹತ್ತನ್ನೂ ಮಾಡಿ ಕೂಡಿಸಿದರೆ 17880. ಇಲ್ಲಿಯವರೆಗೆ ಎರಡಕ್ಕೂ ಒಂದೇ ದಾರಿ. 10ರಿಂದ ಭಾಗಿಸಿದರೆ 1788, ಅದರ ವರ್ಗಮೂಲ 42.28. 9ರಿಂದ ಭಾಗಿಸಿದರೆ 1986.67, ವರ್ಗಮೂಲ 44.57. 17880ರಲ್ಲಿ 13225 ಆ ಒಂದೇ ದಿನದ ಪಾಲು ಎಂಬುದನ್ನೂ ಗಮನಿಸಿ.

ಯಾವುದನ್ನು ಯಾವಾಗ? ನಿಮ್ಮ ಹತ್ತಿರ ಇರುವುದೇ ಪೂರ್ತಿ ಲೆಕ್ಕ ಆದರೆ, ಅಂದರೆ ಆ ಹತ್ತು ದಿನದ ಬಗ್ಗೆ ಮಾತ್ರ ಹೇಳುವುದಾದರೆ, ಪಿ ಇರುವುದು. ಈ ಹತ್ತು ದಿನ ನೋಡಿ ಇಡೀ ಮಳೆಗಾಲ ಹೇಗಿರಬಹುದು ಎಂದು ಅಂದಾಜು ಮಾಡುವುದಾದರೆ, ಇಲ್ಲಾ ನೂರು ಮರದಲ್ಲಿ ಹತ್ತು ಮರದ ಗೊನೆ ಮಾತ್ರ ತೂಗಿದ್ದಾದರೆ, ಪಿ ಇಲ್ಲದ್ದು. ಪ್ಲಸ್ ಒನ್ ಗಣಿತ ಪುಸ್ತಕದ ಸೂತ್ರ ಪೂರ್ತಿ ಸಂಖ್ಯೆಯಿಂದಲೇ ಭಾಗಿಸುವುದು, ಆದ್ದರಿಂದ ಪುಸ್ತಕದ ಉತ್ತರಕ್ಕೆ ತಾಳೆ ನೋಡುವವರು ಪಿ ಇರುವುದನ್ನು ಬಳಸಿ. ಲಿಬ್ರೆಆಫೀಸ್ ಕ್ಯಾಲ್ಕ್‌ನ ಎಸ್‌ಟಿಡಿಇವಿ ಒಂದು ಕಡಿಮೆ ಮಾಡಿ ಭಾಗಿಸುತ್ತದೆ. ನಂಪೈ (ಬೇರೆಯಾಗಿ ಹಾಕಿಕೊಳ್ಳುವ ಪೈಥಾನ್ ಪ್ಯಾಕೇಜ್) ಬಳಸಿದರೆ ಅದರ ಎಸ್‌ಟಿಡಿ, ನಾವು ಏನೂ ಹೇಳದಿದ್ದರೆ, ಪೂರ್ತಿ ಸಂಖ್ಯೆಯಿಂದ ಭಾಗಿಸುತ್ತದೆ. ಗೊಂದಲ ಬರುವುದು ಇದರಿಂದಲೇ. ಉತ್ತರದ ಪಕ್ಕದಲ್ಲಿ ಯಾವ ಆಜ್ಞೆ ಬಳಸಿದ್ದು ಎಂದು ಬರೆದಿಡಿ.

ಒಂದೇ ಅಂಕಿ ಇದ್ದರೆ ಎಸ್‌ಟಿಡೆವ್ ಎರರ್ ಕೊಡುತ್ತದೆ, ಕನಿಷ್ಠ ಎರಡು ಬೇಕು. ಪ್ರೋಗ್ರಾಮ್ ಕೆಟ್ಟಿದೆ ಎಂದು ತಿಳಿಯಬೇಡಿ.

## ಹಂತ 9: ದಶಮಾಂಶ ಕಡಿಮೆ ಮಾಡುವುದು ಕೊನೆಗೆ

ರೌಂಡ್(ಉತ್ತರ, 2) ಎಂದು ಪ್ರಿಂಟ್ ಮಾಡುವಾಗ ಮಾತ್ರ ಹಾಕಿ. ನಡುವೆ ಹಾಕಿದರೆ ತಪ್ಪು ಸೇರುತ್ತಾ ಹೋಗುತ್ತದೆ. ಅರ್ಧಕ್ಕೆ ಸರಿಯಾಗಿ ಬಂದ ಅಂಕಿಯನ್ನು ರೌಂಡ್ ಹತ್ತಿರದ ಸರಿಸಂಖ್ಯೆಗೆ ತರುತ್ತದೆ. ರೌಂಡ್(82.5) ಎಂದರೆ 82, ರೌಂಡ್(83.5) ಎಂದರೆ 84. ಅಂಕಪಟ್ಟಿ ಮಾಡುವ ಮೇಷ್ಟ್ರುಗಳು ಇದನ್ನು ಗಮನಿಸಲೇಬೇಕು, ಒಂದು ಮಗುವಿನ ಅಂಕ ಇಳಿದು ಇನ್ನೊಂದರದ್ದು ಏರಿದ ಹಾಗೆ ಕಾಣುತ್ತದೆ.

0.1 + 0.2 ಎಂದರೆ 0.30000000000000004 ಬರುತ್ತದೆ. ಕಂಪ್ಯೂಟರ್ ಎರಡರ ಲೆಕ್ಕದಲ್ಲಿ ಸಂಖ್ಯೆ ಇಡುವುದರಿಂದ ಹೀಗೆ. ಎರಡು ದಶಮಾಂಶ ಉತ್ತರ ಸಮವೇ ಎಂದು == ಹಾಕಿ ನೋಡಬೇಡಿ.

## ಹಂತ 10: ಗೊತ್ತಿರುವ ಉತ್ತರಕ್ಕೆ ತಾಳೆ ನೋಡಿ

ನಿಮ್ಮ ಅಂಕಿ ಹಾಕುವ ಮೊದಲು ಪ್ರೋಗ್ರಾಮಿಗೆ ಈ ಪಟ್ಟಿ ಕೊಡಿ:

[2, 4, 4, 4, 5, 5, 7, 9]

ಸರಾಸರಿ 5, ಮಧ್ಯಾಂಕ 4.5, ಬಹುಲಕ 4, ಪಿಎಸ್‌ಟಿಡೆವ್ ಸರಿಯಾಗಿ 2, ಎಸ್‌ಟಿಡೆವ್ ಸುಮಾರು 2.14 ಬರಬೇಕು. ಮಧ್ಯಾಂಕ 4 ಅಥವಾ 5 ಬಂದರೆ ನೀವು ನಡುವಿನ ಒಂದನ್ನು ಮಾತ್ರ ಎತ್ತಿದ್ದೀರಿ. ಪಿಎಸ್‌ಟಿಡೆವ್ ಜಾಗದಲ್ಲಿ 4 ಬಂದರೆ ವರ್ಗಮೂಲ ಬಿಟ್ಟುಹೋಗಿದೆ, ಅದು ವೇರಿಯನ್ಸ್. ಐದೂ ಸರಿಯಾದರೆ ಈ ಪಟ್ಟಿ ಅಳಿಸಿ ನಿಮ್ಮ ಮಳೆಯದ್ದನ್ನು ಹಾಕಿ, ಲೆನ್ ಎಷ್ಟು ಬಂತು ಎಂದು ಪುಸ್ತಕದ ಜೊತೆ ಮತ್ತೊಮ್ಮೆ ನೋಡಿ.